ಮೊಲದ ಬಲೆಯಲ್ಲಿ ವಾಲಿಬಾಲ್

ವಾಲಿಬಾಲ್ ಆಡಲು ಏನೇನು ಬೇಕು? ಒಂದು ಚೆಂಡು, ಎರಡು ಕಂಬ, ಒಂದು ಬಲೆ. ಇದರಲ್ಲಿ ತಪ್ಪು ಮಾಡಲು ಜಾಗವಾದರೂ ಎಲ್ಲಿದೆ? ಹೀಗೆಂದು ನಾನು ಮನಸಾರೆ ನಂಬಿದ್ದೆ. ಆಗ ಹೊಸನಗರದ ಕಡೆಯ ನಮ್ಮ ಸಣ್ಣ ಊರಿಗೆ ನಾನೇ ಪೋಸ್ಟ್ ಮಾಸ್ತರ. ನನ್ನ ಮಾತಿಗೆ ಊರಲ್ಲಿ ಯಾರೂ ಎದುರಾಡುತ್ತಿರಲಿಲ್ಲ, ಹೆಂಡತಿ ಶಾರದೆಯೊಬ್ಬಳನ್ನು ಬಿಟ್ಟು.

ಅರವತ್ತರ ದಶಕದ ಮಾತು. ಸಾಗರದಲ್ಲಿ ಹೊಸದಾಗಿ ಒಂದು ಧರ್ಮನಿಧಿ ಹುಟ್ಟಿತ್ತು. ಶಾಲೆ ಕಟ್ಟಿಸುವುದು, ಊರಿನವರನ್ನು ಒಗ್ಗೂಡಿಸುವುದು, ಹುಡುಗರಿಗೆ ಆಟ ಹಚ್ಚುವುದು, ಕಾಡುಪ್ರಾಣಿಗಳನ್ನು ಉಳಿಸುವುದು, ಇಷ್ಟೂ ಅದರ ವ್ರತ. ಆ ವರ್ಷ ಒಂದು ಹೈಸ್ಕೂಲು ಕಟ್ಟಿಸಿಕೊಡುವುದೆಂದು ನಿಧಿಯವರು ತೀರ್ಮಾನಿಸಿದ್ದರು. ಅದು ನಮ್ಮೂರಿಗೋ, ತೀರ್ಥಹಳ್ಳಿ ಕಡೆಯ ಇನ್ನೊಂದು ಊರಿಗೋ ಎಂಬುದಷ್ಟೇ ಪ್ರಶ್ನೆ. ನನ್ನ ಮಗಳು ಸುಮಿತ್ರೆ ಏಳನೇ ಕ್ಲಾಸು ಮುಗಿಸಿ, ಮುಂದೆ ಓದಲು ಹತ್ತಿರದಲ್ಲಿ ಶಾಲೆಯಿಲ್ಲದೆ ಮನೆಯಲ್ಲಿ ಕೂತಿದ್ದಳು. ಓದಿದ ಪುಸ್ತಕಗಳನ್ನೇ ಮತ್ತೆ ಮತ್ತೆ ತಿರುವಿಹಾಕುತ್ತಿದ್ದಳು. 

ಹಾಗಾಗಿ ಸಾಗರಕ್ಕೆ ಹೋಗಿ ನಿಧಿಯ ಅಧ್ಯಕ್ಷರನ್ನು ಕಂಡೆ.

"ನಮ್ಮೂರಲ್ಲಿ ದಿನಾ ಸಂಜೆ ವಾಲಿಬಾಲು, ಸ್ವಾಮಿ! ಇನ್ನು ಕಾಡುಪ್ರಾಣಿ ಅಂದ್ರೆ ಜನಕ್ಕೆ ಪ್ರಾಣ. ಮೊಲ ಸೀದಾ ಅಂಗಳಕ್ಕೇ ಬರ್ತದೆ!"

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು, "ಹಾಗಾದ್ರೆ ಬರೋ ಭಾನುವಾರ ಬಂದು ನೋಡ್ತೀನಿ" ಎಂದರು.

ಇದನ್ನು ನಾನು ಎಣಿಸಿರಲಿಲ್ಲ!

ನಮ್ಮೂರಲ್ಲಿ ಚೆಂಡೇನೋ ಇತ್ತು. ಬಲೆ ಇರಲಿಲ್ಲ, ದನ ಕಟ್ಟುವ ಹಗ್ಗವನ್ನೇ ಅಡ್ಡ ಎಳೆದು ಆಡುತ್ತಿದ್ದೆವು. ಮೊಲ ಅಂಗಳಕ್ಕೆ ಬರುತ್ತಿದ್ದುದೂ ನಿಜವೇ. ಆದರೆ ಬೇಟೆಗಾರ ತಿಮ್ಮಪ್ಪನ ಹೆಗಲ ಮೇಲೆ ಬರುತ್ತಿತ್ತು.

"ಹಗ್ಗ ಕಟ್ಕೊಂಡೇ ಆಡ್ಲಿ. ಇದ್ದಿದ್ದನ್ನ ಇದ್ದ ಹಾಗೆ ತೋರ್ಸಿದ್ರೆ ನಿಮ್ಮದೆಂತ ಗಂಟು ಹೋಗ್ತದೆ?" ಎಂದಳು ಶಾರದೆ.

"ನಿಂಗೆ ಇವೆಲ್ಲ ಗೊತ್ತಾಗಲ್ಲ ಮಾರಾಯ್ತಿ. ಇದು ಆಡಳಿತದ ವಿಷಯ" ಎಂದು ಹೇಳಿ, ನಾನು ನೇರವಾಗಿ ತಿಮ್ಮಪ್ಪನ ಮನೆಗೆ ನಡೆದೆ. ಬಲೆ ಎಂದರೆ ಬಲೆ. ಅದರಲ್ಲಿ ಮೊಲದ್ದು ಬೇರೆ, ಚೆಂಡಿನದ್ದು ಬೇರೆ ಎಂಬ ಭೇದಭಾವ ಯಾಕೆ?

"ನಿನ್ನ ಮೊಲದ ಬಲೆ ಗಟ್ಟಿ ಉಂಟೇನೋ ತಿಮ್ಮಪ್ಪ?"

"ಅಜ್ಜನ ಕಾಲದಿಂದ ಒಂದು ಮೊಲಾನೂ ತಪ್ಪಿಸ್ಕೊಂಡಿಲ್ಲ ಮಾಸ್ತರೇ. ಚೆಂಡು ಯಾವ ಲೆಕ್ಕ!"

ಭಾನುವಾರ ಬೆಳಿಗ್ಗೆ ತಿಮ್ಮಪ್ಪನೇ ಬಂದು ಬಲೆ ಕಟ್ಟಿದ. ನಾನು ಕೊಡೆ ಹಿಡಿದು ನಿಂತು ಮೇಲ್ವಿಚಾರಣೆ ಮಾಡಿದೆ. ಮೊಲದ ಬಲೆಯನ್ನು ಯಾರೂ ಬಿಗಿಯಾಗಿ ಕಟ್ಟುವುದಿಲ್ಲ. ಕವೆಕೋಲಿನ ತುದಿಗೆ ಹಗುರವಾಗಿ ಸಿಕ್ಕಿಸಿಡುತ್ತಾರೆ. ಪ್ರಾಣಿ ಬಂದು ಬಡಿದ ಕೂಡಲೇ ಬಲೆ ಕಳಚಿ ಅದರ ಮೇಲೆ ಬೀಳಬೇಕು. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಆ ದಿನ ಒಬ್ಬನ ತಲೆಗೂ ಹೊಳೆಯಲಿಲ್ಲ. ತಿಮ್ಮಪ್ಪನ ಕೈ ಅಭ್ಯಾಸದಂತೆ ಕಂಬಗಳಿಗೂ ಹಾಗೇ ಸಿಕ್ಕಿಸಿ ಕೆಲಸ ಮುಗಿಸಿತು. ನಾನು ಅದರ ಮೇಲಂಚಿಗೆ ಧಾರಾಳವಾಗಿ ಸುಣ್ಣ ಬಳಿಸಿದೆ. ದೂರದಿಂದ ನೋಡಿದರೆ ಥೇಟ್ ಶಿವಮೊಗ್ಗದ ಅಂಗಡಿಯ ವಾಲಿಬಾಲ್ ಬಲೆ!

ಅಧ್ಯಕ್ಷರು ಜೀಪಿನಲ್ಲಿ ಬಂದರು. ಆಟ ಚೆನ್ನಾಗಿ ಕಾಣಲಿ ಎಂದು ಅವರ ಕುರ್ಚಿಯನ್ನು ಕಂಬದ ಬುಡದಲ್ಲೇ ಹಾಕಿಸಿ, ಪಕ್ಕದಲ್ಲಿ ನಿಂತು ಸ್ವಾಗತ ಭಾಷಣ ಮಾಡಿದೆ. "ಮಾನ್ಯರೇ, ಈ ಗ್ರಾಮದ ಆಬಾಲವೃದ್ಧರಲ್ಲಿ ಮೊಲಕ್ಕೆ ಕೇಡು ಬಗೆದವರು ಒಬ್ಬರೂ ಇಲ್ಲವೆಂದು ಹೇಳಲು ಹೆಮ್ಮೆಪಡುತ್ತೇನೆ!" ತಿಮ್ಮಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆಟ ಶುರುವಾಯಿತು. ಮೊದಲ ಹೊಡೆತಕ್ಕೇ ಚೆಂಡು ಬಲೆಗೆ ಬಡಿಯಿತು. ಬಲೆ ತನ್ನ ಧರ್ಮವನ್ನು ಪಾಲಿಸಿತು. ಅಜ್ಜನ ಕಾಲದಿಂದ ಬೀಳುತ್ತಿದ್ದಂತೆಯೇ ಸೊಗಸಾಗಿ ಬಿತ್ತು, ಅಧ್ಯಕ್ಷರ ಮೇಲೆ, ಕುರ್ಚಿಯ ಮೇಲೆ, ನನ್ನ ಮೇಲೆ!

ಅಷ್ಟಕ್ಕೇ ಮುಗಿದಿದ್ದರೆ ಗಾಳಿಯ ಮೇಲೆ ತಪ್ಪು ಹೊರಿಸಬಹುದಿತ್ತು. ಆದರೆ ಬಲೆ ಬಿದ್ದದ್ದೇ ತಡ, "ಬಿತ್ತು! ಬಿತ್ತು!" ಎಂದು ಇಡೀ ಊರು ಹೋ ಎಂದು ಕೂಗುತ್ತಾ ನುಗ್ಗಿತು. ಆಟಗಾರರು, ಮುದುಕರು, ಹಾರ ಹಿಡಿದು ನಿಂತಿದ್ದ ಶಾನುಭೋಗರು, ಎಲ್ಲರೂ ಬಲೆಯ ಸುತ್ತ ಕುಕ್ಕರಗಾಲಿನಲ್ಲಿ ಕೂತರು. ಊರು ಒಗ್ಗೂಡಬೇಕೆಂಬ ನಿಧಿಯ ಆಸೆ ಒಂದೇ ಕ್ಷಣದಲ್ಲಿ ನೆರವೇರಿತು! ಇದರ ನಡುವೆ ಯಾರೋ ಗಂಟಲು ಹರಿಯುವಂತೆ, "ಅಂಚು ಒತ್ತಿ ಹಿಡೀರೋ, ಬಿಡಬೇಡಿ!" ಎಂದು ಅರಚಿದರು.

ಅರಚಿದವನು ನಾನೇ. ಅದೂ ಬಲೆಯ ಒಳಗಿನಿಂದ!

ಅಧ್ಯಕ್ಷರು ಕನ್ನಡಕದ ಸುಣ್ಣ ಒರೆಸಿಕೊಂಡು ಬಲೆಯ ಕಣ್ಣುಗಳನ್ನು ಬೆರಳಿಂದ ಮುಟ್ಟಿ ನೋಡಿದರು.

"ಪೋಸ್ಟ್ ಮಾಸ್ತರೇ, ಇದು ಮೊಲದ ಬಲೆ."

"ಸ್ವಾಮಿ, ಇದು ನಮ್ಮ ಕಡೆಯ ಮಾದರಿ..."

"ಹರೇದಲ್ಲಿ ನಾನೂ ಬೇಟೆ ಆಡಿದವ್ನೇ. ನಂಗೆ ಮಾದರಿ ಹೇಳ್ಬೇಡಿ."

ಕೂತಿದ್ದವರು ಒಬ್ಬೊಬ್ಬರಾಗಿ ಅಂಚು ಬಿಟ್ಟು ಎದ್ದರು. ಬಲೆಯ ಕಣ್ಣಿನಿಂದ ಇಣುಕಿದೆ. ಬೇಲಿಯ ಹತ್ತಿರ ಸುಮಿತ್ರೆ ನಿಂತಿದ್ದಳು, ಮುಖ ಬಿಳುಚಿಕೊಂಡಿತ್ತು. ಹೈಸ್ಕೂಲು ತೀರ್ಥಹಳ್ಳಿಯ ದಾರಿ ಹಿಡಿಯಿತು ಎಂದುಕೊಂಡೆ. ನನ್ನ ಬಾಯಿಬಡುಕತನದಿಂದ ಮಗುವಿನ ಓದು ಹೋಯಿತಲ್ಲ ಎಂದು ನಿಜವಾಗಿ ಅಳು ಬಂತು.

ಆಗ ಶಾರದೆ ಸೆರಗು ಸಿಕ್ಕಿಸಿಕೊಂಡು ಬಂದಳು. ಅಧ್ಯಕ್ಷರ ಮೇಲಿನ ಬಲೆಯನ್ನಷ್ಟೇ ಬಿಡಿಸಿದಳು. ನನ್ನನ್ನು ಹಾಗೇ ಬಿಟ್ಟು, ಕೈ ತೋರಿಸಿ ಹೇಳಿದಳು:

"ನೋಡಿ ಸ್ವಾಮಿ, ಇವ್ರು ಓದಿದ್ದು ಏಳನೇ ಕ್ಲಾಸು. ಅಲ್ಲಿಗೇ ನಿಲ್ಸಿದ್ರೆ ಮನುಷ್ಯ ಹೇಗಾಗ್ತಾನೆ ಅಂತ ನೀವೇ ಕಣ್ಣಾರೆ ಕಂಡ್ರಲ್ಲ. ನನ್ನ ಮಗಳೂ ಏಳನೇ ಕ್ಲಾಸಿಗೇ ನಿಂತಿದಾಳೆ. ಅವಳಾದ್ರೂ ಮುಂದೆ ಓದೋದು ಬೇಡ್ವಾ?"

ಅಧ್ಯಕ್ಷರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೈಯೆಲ್ಲ ಸುಣ್ಣ, ಕಾಲಿಗೆ ಬಲೆ, ಕೈಯಲ್ಲಿ ಮುರಿದ ಕೊಡೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ತಾಯಿ, ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಊರೂ ಕೊಡ್ಲಿಕ್ಕಿಲ್ಲ. ಹೈಸ್ಕೂಲು ಇಲ್ಲಿಗೇ. ಆದ್ರೆ ಈ ಬಲೆ ಮಾತ್ರ ಇನ್ನು ಕಾಡಿಗೆ ಹೋಗೋ ಹಾಗಿಲ್ಲ."

ತಿಮ್ಮಪ್ಪ ಗೊಣಗಿದ, ಆದರೂ ಒಪ್ಪಿದ. ಮುಂದೆ ಸಾಗರದಿಂದ ನಿಜವಾದ ಬಲೆ ಬಂತು. ಹಳೆಯ ಬಲೆಯ ಮೇಲೆ ಶಾಲೆಯ ಹಿತ್ತಲಲ್ಲಿ ಅವರೆಬಳ್ಳಿ ಹಬ್ಬಿತು. ಸುಮಿತ್ರೆ ಎಂಟನೇ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತಳು.

ನಮ್ಮೂರಿಗೆ ಹೈಸ್ಕೂಲು ತಂದವರು ಯಾರು ಎಂದು ಕೇಳಿದರೆ ಈಗಲೂ ಎದೆ ತಟ್ಟಿಕೊಂಡು ನಾನೇ ಎನ್ನುತ್ತೇನೆ. ಹೇಗೆ ತಂದಿರಿ ಎಂದು ಮಾತ್ರ ಕೇಳಬೇಡಿ. ಅದನ್ನು ಹೇಳಲು ಶಾರದೆ ಪಕ್ಕದಲ್ಲೇ ಕಾದಿರುತ್ತಾಳೆ!