ತೊಳೆಯದೆ ಉಳಿಸಿದ ಬಣ್ಣ

ಅರಿವೆ ಕಂಡೊಡನೆ ಅದರ ಬಣ್ಣ ಗಟ್ಟಿಯೋ ಕಚ್ಚಾವೋ ಹೇಳುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ಬಹಳ ವರ್ಷ ನಂಬಿದ್ದೆ. ಲಡಾಯಿಯಿಂದಾಗಿ ಗಟ್ಟಿಯಾದ ಜರ್ಮನ್ ಬಣ್ಣ ಬರುವುದು ನಿಂತು, ಸಂತೆಯಲ್ಲೆಲ್ಲ ಕಚ್ಚಾ ಬಣ್ಣವೇ ತುಂಬಿದ್ದ ದಿನಗಳವು. ಜಾಣರು ಬೆರಳು ಒದ್ದೆ ಮಾಡಿ ಬಟ್ಟೆ ತಿಕ್ಕಿ ನೋಡಿಯೇ ಕೊಳ್ಳುತ್ತಿದ್ದರು. ನಾನೋ ಶಾಲೆಯ ಮಾಸ್ತರ. ನಾಲ್ಕು ಜನರ ಮುಂದೆ ಬೆರಳು ನೆಕ್ಕುವುದು ಘನತೆಗೆ ಕಡಿಮೆಯೆಂದು ಒಣ ಬೆರಳಿನಿಂದಲೇ ತಿಕ್ಕಿ, ಮೂಡಲಗಿ ಸಂತೆಯಿಂದ ಒಂದು ಕಡುನೀಲಿ ಚಾದರ ತಂದೆ.

ನನ್ನ ಹೆಂಡತಿ ಶಾಂತವ್ವ, "ಮೊದಲ ಉಪ್ಪುನೀರಾಗ ನೆನಿ ಹಾಕೂಣ್ರಿ. ಹೋಗೂ ಬಣ್ಣ ಹೋಗಿ, ಉಳದದ್ದು ಗಟ್ಟಿ ಆಗತೈತಿ" ಅಂದಳು. ಅಷ್ಟು ದೂರದಿಂದ ತಂದ ಬಣ್ಣವನ್ನು ಕೈಯಾರೆ ಬಚ್ಚಲಿಗೆ ಬಿಡುವುದೇ? ಬಣ್ಣ ಹೋಗುವುದು ನೀರಿನಿಂದ. ನೀರೇ ತಾಕದಿದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಇದನ್ನು ಮಕ್ಕಳಿಗೆ ಭಾಗಾಕಾರ ಕಲಿಸುವಂತೆ ಅವಳಿಗೆ ಕಲಿಸಿ, ಚಾದರವನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ವರ್ಷ ಕಳೆದರೂ ಬಣ್ಣ ಒಂದಿಷ್ಟೂ ಮಾಸಲಿಲ್ಲ. ಮನೆಗೆ ಬಂದವರಿಗೆಲ್ಲ ಮುಚ್ಚಳ ತೆಗೆದು ತೋರಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ನನ್ನ ತಂಗಿ ಗಂಗವ್ವನನ್ನು ನೋಡಲು ಹುಕ್ಕೇರಿಯಿಂದ ಹುಡುಗನ ತಂದೆ ಬಸಲಿಂಗಪ್ಪನವರು ಗೋಕಾಕಿನ ನಮ್ಮ ಮನೆಗೆ ಬಂದರು. ಅದಕ್ಕೆ ಮೊದಲು ಎರಡು ಸಂಬಂಧ ಮುರಿದಿದ್ದವು. ಇದೂ ತಪ್ಪಿದರೆ ನಮ್ಮ ಅವ್ವ ಹಾಸಿಗೆ ಹಿಡಿಯುವವಳಿದ್ದಳು. ಊಟವಾಯಿತು. ಹುಡುಗಿ ಅವರ ಮನಸ್ಸಿಗೆ ಬಂದ ಹಾಗೂ ಕಂಡಿತು. "ಸ್ವಲ್ಪ ಅಡ್ಡಾಗ್ರಿ, ಹೊತ್ತು ಇಳದ ಮ್ಯಾಲ ಮಾತಾಡೂಣು" ಎಂದು ನಾನೇ ಅಭಿಮಾನದಿಂದ ಆ ಚಾದರ ಹಾಸಿದೆ. ಬಿಸಿಲಿನ ಜಳಕ್ಕೆ ಬೆವೆತಿದ್ದ ಅವರು ಅಂಗಿ ತೆಗೆದು ಮಲಗಿದರು.

ಎದ್ದಾಗ ಬೆನ್ನು ನೀಲಿ, ಎಡಗೆನ್ನೆ ನೀಲಿ, ಬಿಳಿ ಧೋತರ ನೀಲಿ. ಹಣೆಯ ವಿಭೂತಿಯೂ ಅರ್ಧ ನೀಲಿ. ಮಜ್ಜಿಗೆ ತಂದ ಅವ್ವ ಬಾಗಿಲಲ್ಲೇ ಗೋಡೆ ಹಿಡಿದು ನಿಂತಳು. ತಂಗಿಯ ಬಾಳು ಹಾಳು ಮಾಡಿದೆನಲ್ಲ ಅಂದುಕೊಂಡೆ. ಪಾಪ, ಬಸಲಿಂಗಪ್ಪನವರಿಗಿನ್ನೂ ಏನೂ ಗೊತ್ತಿಲ್ಲ, ನಮ್ಮ ಮುಖ ಕಂಡೇ ಗಾಬರಿಯಾಗಿ, "ಯಾಕ್ರಿ, ಏನಾತು?" ಅಂದರು. ಶಾಂತವ್ವ ಕನ್ನಡಿ ತಂದುಕೊಟ್ಟಳು.

ಅವರು ಕೆನ್ನೆ ನೋಡಿಕೊಂಡರು, ಹಾಸಿದ್ದ ಚಾದರ ನೋಡಿದರು. ಆಮೇಲೆ ಕೇಳಿದರು: "ಈ ಚಾದರ ಆರಿಸಿದವರು ಯಾರ್ರಿ? ಹುಡುಗಿಯೇನು?"

"ಅಲ್ರಿ, ನಾನ" ಅಂದೆ.

"ಹಂಗಾದರ ಚಿಂತಿಲ್ಲ. ಹುಡುಗಿ ನಮಗ ಒಪ್ಪಿಗಿ ಐತಿ. ಆದರ ಒಂದ ಕರಾರು ಮಾಸ್ತರ್ರ. ಮದವಿ ಜವಳಿ ತರಾಕ ನೀವು ಬರಬಾರದು."

ನಾನು ಬಾಯಿ ತೆರೆಯುವ ಮೊದಲೇ ಅವ್ವ, ಶಾಂತವ್ವ, ಬೆಳಗಿನಿಂದ ನಾಚಿಕೆಯಿಂದ ಒಂದು ಮಾತೂ ಆಡದೆ ಒಳಗೆ ಕುಳಿತಿದ್ದ ಗಂಗವ್ವ, ಮೂವರೂ ಒಮ್ಮೆಲೇ "ಆತ್ರಿ" ಅಂದರು.