ಟು ಬಣ, ಇಂಗ್ ಬಣ

"ಇಂಗ್ಲಿಷ್ ತಾನೇ? ಸಂಜೆಯೊಳಗೆ ಅರೆದು ಕುಡಿಸ್ತೀನಿ ನೋಡ್ತಿರು," ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡರು ಮೈಕಣ್ಣ. ಗಿರಣಿ ಕಾರ್ಮಿಕರ ಮುಷ್ಕರಗಳಲ್ಲಿ ಮೈಕೇ ಇಲ್ಲದೆ ಗೇಟು ನಡುಗಿಸಿದ ಗಂಟಲಿಗೆ ಸಿಕ್ಕಿದ ಬಿರುದು ಅದು.

ಹೆಂಡತಿ ನರ್ಸು. ಮಾರನೆಯ ದಿನದ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಹೆಡ್ ನರ್ಸ್. ರಾತ್ರಿ ಪಾಳಿಗೆ ಕೈಮುಗಿದು ಬಿಡಬಹುದು. ಎಲ್ಲ ಓದಿಯಾಗಿತ್ತು. ಗಂಟಲಲ್ಲಿ ಸಿಕ್ಕಿಕೊಂಡಿದ್ದು ಒಂದೇ: ಯಾವ ಕ್ರಿಯಾಪದದ ಬೆನ್ನಿಗೆ 'ಟು' ಬರಬೇಕು, ಯಾವುದರ ಬೆನ್ನಿಗೆ 'ಇಂಗ್' ಬಾಲದ ಮಾತು ಬರಬೇಕು?

"ಇದಕ್ಕೆ ನಿಯಮ ಏನ್ರೀ?"

"ನಿಯಮ ಗಿಯಮ ಇಲ್ಲ ಕಣೇ. ಎರಡು ಬಣ ಅಷ್ಟೇ. ಯಾರು ಯಾವ ಕಡೆ ಅಂತ ಬಾಯಿಗೆ ಹತ್ತಬೇಕು. ಏಳು, ಮುಷ್ಟಿ ಎತ್ತು. ಕೂತು ಕೂಗಿದ್ದು ತಲೆಗೆ ಹೋಗಲ್ಲ."

ಶುರುವಾಯಿತು ಪಾಠ.

"ರಿಫ್ಯೂಸ್‌ಗೇನು ಬೇಕು?"

"ಬೇಕೇ ಬೇಕು, ಟು ಬೇಕು!"

"ಎಂಜಾಯ್‌ಗೇನು ಬೇಕು?"

"ಬೇಕೇ ಬೇಕು, ಇಂಗ್ ಬೇಕು!"

ಅವರು ಬಾಡಿಗೆಗಿದ್ದ ಕಟ್ಟಡದ ಲಿಫ್ಟು ಕೆಟ್ಟು ಕೂತು ಬಹಳ ಕಾಲವಾಗಿತ್ತು. ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆಸಿಕೊಂಡಿದ್ದ ಬಾಡಿಗೆದಾರರಿಗೆ ಕೇಳಿಸಿದ್ದು 'ಬೇಕೇ ಬೇಕು' ಮಾತ್ರ. ಅಂತೂ ಮೈಕಣ್ಣ ಲಿಫ್ಟಿಗಾಗಿ ಎದ್ದರು ಎಂದುಕೊಂಡು ಕೊನೇ ಮಹಡಿಯ ಅಜ್ಜಿ ಸೌಟು ತಟ್ಟೆ ಹಿಡಿದು ಇಳಿದರು. ಹಿಂದೆಯೇ ಉಳಿದವರು. ಮೆಟ್ಟಿಲ ತುಂಬ ಜನ, ಜನರ ತುಂಬ ಘೋಷಣೆ. ಯಾರಿಗೆ ಟು, ಯಾರಿಗೆ ಇಂಗ್ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಕಟ್ಟಡದ ಮಾಲೀಕ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. "ಏನಪ್ಪಾ ನಿಮ್ಮ ಬೇಡಿಕೆ?"

ಮೈಕಣ್ಣ ಒಂದು ಹೆಜ್ಜೆ ಹಿಂದೆ ಸರಿದರು. 'ವ್ಯಾಕರಣ' ಎಂದು ಬಾಯಿಬಿಟ್ಟರೆ ಅಜ್ಜಿಯ ಸೌಟು ಎಲ್ಲಿಗೆ ಬೀಳುತ್ತದೆಂದು ಗೊತ್ತಿತ್ತು.

ಹೆಂಡತಿ ಮುಂದೆ ಬಂದಳು. "ಲಿಫ್ಟು. ನಾಳೆ ನಾನು ಪರೀಕ್ಷೆ ಮುಗಿಸಿ ಬರೋ ಹೊತ್ತಿಗೆ ಓಡ್ತಿರಬೇಕು. ಇಲ್ಲಾಂದ್ರೆ ನಮ್ಮ ಹತ್ರ ಇನ್ನೂ ಅವಾಯ್ಡ್, ಡಿಸೈಡ್, ಫಿನಿಶ್ ಎಲ್ಲ ಬಾಕಿ ಇದೆ."

'ಫಿನಿಶ್' ಕೇಳಿದ ಮಾಲೀಕ ಅಲ್ಲೇ ಮೆಕ್ಯಾನಿಕ್‌ಗೆ ಫೋನು ಹಚ್ಚಿದ.

ಲಿಫ್ಟು ಓಡಿತು. ಹೆಂಡತಿಯೂ ಪಾಸಾದಳು. ಬಾಡಿಗೆದಾರರ ಸಂಘ ಕಟ್ಟಲು ಸಭೆ ಕರೆದಾಗ ಮೈಕಣ್ಣ ಇಸ್ತ್ರಿ ಅಂಗಿ ತೊಟ್ಟು, ಅಧ್ಯಕ್ಷ ಭಾಷಣ ಮನಸ್ಸಿನಲ್ಲೇ ಜೋಡಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಸಭೆ ಒಂದೇ ದನಿಯಲ್ಲಿ ಹೆಡ್ ನರ್ಸ್ ಅವರನ್ನು ಆರಿಸಿತು.

"ಮತ್ತೆ ನಾನು?" ಎಂದರು ಮೈಕಣ್ಣ.

ಅಜ್ಜಿ ಅವರ ಭುಜ ಹಿಡಿದು ಹಿಂದಿನ ಸಾಲಿಗೆ ಸರಿಸಿದರು. "ಏನು ಬೇಕು ಅಂತ ಅವಳು ಹೇಳ್ತಾಳೆ. ನೀನು 'ಬೇಕೇ ಬೇಕು' ಅನ್ನಪ್ಪ, ಗಂಟಲು ಚೆನ್ನಾಗಿದೆ."