ಮಧ್ಯಾಹ್ನ ಬಾಗಿಲು ಹಾಕದ ಪೆರುಮಾಳು

ಒಂದು ಮೂಲೆಯಲ್ಲಿ ಕೈಮುಗಿದು ಸುಮ್ಮನೆ ನಿಂತಿದ್ದು ಬರೋಣ ಅಂತ ಹೋದ ಕಡೆಯಲ್ಲೆಲ್ಲ ನನಗೆ ಏನಾದರೂ ಒಂದು ಆಗಿಯೇ ತೀರುತ್ತದೆ. ನಾನಾಗಿ ಯಾರ ತಂಟೆಗೂ ಹೋಗುವವನಲ್ಲ. ಕಾರಮಡೈ ಕಡೆಯ ಕನ್ನಡ ಮನೆತನ, ಪೀಳಮೇಡಿನ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತೆ ಕೆಲಸ, ಹಣೆಯಲ್ಲಿ ನಾಮ, ಇಷ್ಟೇ ನನ್ನ ಗುರುತು. ಆದರೂ ಎಂಬತ್ತರ ದಶಕದ ನಡುವೆ ಕೊಯಮತ್ತೂರಿನ ಒಂದು ಚಿಕ್ಕ ಮ್ಯೂಸಿಯಮ್ಮಿನಲ್ಲಿ ನಡೆದದ್ದನ್ನು ನೆನೆದರೆ, ಇದನ್ನೆಲ್ಲ ನಮ್ಮ ಕಾರಮಡೈ ರಂಗನಾಥನೇ ಬಿಡುವಾಗಿ ಕೂತು ಮಾಡಿಸಿದನೇನೋ ಅನ್ನಿಸುತ್ತದೆ.

ನನ್ನವಳು ತೀರಿಕೊಂಡ ಮೇಲೆ ವಾರದ ಆರು ದಿನ ಹೇಗೋ ಸಾಗುತ್ತಿತ್ತು. ಭಾನುವಾರವೇ ಕಷ್ಟ. ಬೆಳಿಗ್ಗೆಯೆಲ್ಲ ದೇವಸ್ಥಾನದಲ್ಲಿ ಕೂತಿರುತ್ತಿದ್ದೆ. ಹನ್ನೆರಡಕ್ಕೆ ಭಟ್ಟರು ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ದೇವರಿಗೂ ವಿಶ್ರಾಂತಿ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿಯ ತನಕ ನಾನೆಲ್ಲಿಗೆ ಹೋಗಲಿ? ಮನೆಗೆ ಹೋದರೆ ಎರಡು ತಟ್ಟೆಯಲ್ಲಿ ಒಂದನ್ನು ಮಾತ್ರ ತೊಳೆಯಬೇಕು. ಎದುರು ಮನೆಗೆ ಟೀವಿ ಬಂದ ಮೇಲೆ ಜಗುಲಿಯಲ್ಲಿ ಕೂತು ಮಾತಾಡುವವರೂ ಇಲ್ಲ. ಹೀಗೆ ಬಿಸಿಲಲ್ಲಿ ಸುತ್ತುತ್ತಿದ್ದಾಗ ಒಂದು ದಿನ ಈ ಮ್ಯೂಸಿಯಮ್ಮಿನ ಬಾಗಿಲು ತೆರೆದಿರುವುದು ಕಂಡಿತು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಕಂಚಿನ ಪೆರುಮಾಳು, ಅಂದರೆ ನಮ್ಮ ವಿಷ್ಣುವೇ, ಶಂಖಚಕ್ರ ಹಿಡಿದು, ಮಟಮಟ ಮಧ್ಯಾಹ್ನ ಎಚ್ಚರವಾಗಿಯೇ ನಿಂತಿದ್ದ. ಅವನ ಮುಂದೆಯೂ ಒಂದು ನರಪಿಳ್ಳೆ ಇರಲಿಲ್ಲ.

ಮ್ಯೂಸಿಯಂ ನೋಡುವುದು ಹೇಗೆ ಅಂತ ಓದಿದವರು ಏನೇನೋ ಹೇಳುತ್ತಾರೆ. ನಾನು ಕಂಡುಕೊಂಡದ್ದು ಇಷ್ಟೆ: ಎಲ್ಲವನ್ನೂ ನೋಡಲು ಹೋಗಬೇಡಿ. ಒಬ್ಬರ ಮುಂದೆ ನಿಲ್ಲಿ. ಅವರಿಗೂ ನಿಮ್ಮ ಗುರುತು ಹತ್ತುವ ತನಕ ನಿಲ್ಲಿ.

ಚಪ್ಪಲಿ

ಪೆರುಮಾಳು ಎಲ್ಲಿದ್ದರೂ ಪೆರುಮಾಳೇ. ಹಾಗಾಗಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಿದ್ದೆ. ಅಲ್ಲಿನ ವಾಚ್‌ಮನ್‌ಗೆ ಇದು ಸರಿಬರಲಿಲ್ಲ. ಅವನಾಡಿದ ತಮಿಳನ್ನು ಕನ್ನಡಕ್ಕೆ ತಂದು ಹೇಳುತ್ತೇನೆ.

"ಸಾಮಿ, ಇದು ಕೋವಿಲಲ್ಲ. ಚಪ್ಪಲಿ ಹಾಕ್ಕೊಂಡೇ ಬನ್ನಿ."

"ಒಳಗೆ ಪೆರುಮಾಳಿದ್ದಾರಲ್ಲಪ್ಪ."

"ಇದ್ದಾರೆ. ಆದ್ರೆ ಇಲ್ಲಿ ಅವರಿಗೂ ಒಂದು ನಂಬರು ಅಷ್ಟೇ." ಆಮೇಲೆ ದನಿ ತಗ್ಗಿಸಿ, "ನೀವೂ ಎಷ್ಟು ದಿನ ಬರ್ತೀರೋ! ಭಾನುವಾರ ಮಧ್ಯಾಹ್ನ ನಿಮ್ಮನ್ನ ಬಿಟ್ಟು ಯಾರೂ ಬರಲ್ಲ. ಹೀಗೇ ಆದ್ರೆ ಪೊಂಗಲ್ ಆದ ಮೇಲೆ ಭಾನುವಾರ ಮಧ್ಯಾಹ್ನ ಬೀಗ ಹಾಕಿಬಿಡು ಅಂದಿದ್ದಾರೆ ಮೇನೇಜರು" ಅಂದ.

ಒಂದು ಬಾಗಿಲು ಹಾಕುತ್ತಾರೆ ಅಂತ ಇನ್ನೊಂದಕ್ಕೆ ಬಂದವನು ನಾನು. "ಅಪ್ಪಾ, ನಾಲ್ಕು ಜನರನ್ನು ನೀನೇ ಕರಕೋ" ಅಂತ ಪೆರುಮಾಳನ್ನೇ ಬೇಡಿಕೊಂಡೆ.

ಮುಂದಿನ ಭಾನುವಾರ ಅವನು ಕರೆದೇಬಿಟ್ಟ. ದಾರಿಯಲ್ಲಿ ಹೋಗುತ್ತಿದ್ದ ಗಂಡಹೆಂಡತಿ ಮೆಟ್ಟಿಲ ಕೆಳಗಿನ ನನ್ನ ಚಪ್ಪಲಿ ನೋಡಿ, ಇದೇನೋ ಕೋವಿಲು ಅಂತ ತಮ್ಮದನ್ನೂ ಬಿಟ್ಟು ಒಳಗೆ ಬಂದರು. ಅವರದನ್ನು ನೋಡಿ ಇನ್ನೊಂದು ಸಂಸಾರ. ಸ್ವಲ್ಪ ಹೊತ್ತಿಗೆ ಚಪ್ಪಲಿಯ ಸಾಲು ಗೇಟಿನ ತನಕ ಬೆಳೆಯಿತು. ಹೂ ಮಾರುವವಳು ಬುಟ್ಟಿ ಇಳಿಸಿದಳು. ವಾಚ್‌ಮನ್ ಒಳಗಿನ ವಿಗ್ರಹ ಬಿಟ್ಟು ಕೋಲು ಹಿಡಿದು ಹೊರಗೆ ಚಪ್ಪಲಿ ಕಾಯುತ್ತ ನಿಂತ.

ಆ ಹೊತ್ತಿಗೆ ಮೇನೇಜರು ಬಂದರು. "ಏನಯ್ಯಾ ಇದು ಕರ್ಮ! ಮ್ಯೂಸಿಯಮ್ಮಾ, ಕೋವಿಲಾ? ಯಾರು ಇಲ್ಲೆಲ್ಲ ಚಪ್ಪಲಿ ಬಿಡೋಕೆ ಹೇಳಿದ್ದು?" ಅಂತ ಬಾಯಿಗೆ ಬಂದಂತೆ ಬೈದರು. ಬೈಯುತ್ತ ಬೈಯುತ್ತಲೇ ಬಗ್ಗಿ ತಮ್ಮ ಬೂಟು ಬಿಚ್ಚಿಟ್ಟು, ವಾಚ್‌ಮನ್ ಕಡೆ ಕೈ ಚಾಚಿ, "ಟೋಕನ್ ಕೊಡು" ಅಂದರು.

ಪ್ರದಕ್ಷಿಣೆ

ಪ್ರಸಾದ ಕೊಡುವುದಿಲ್ಲ ಅಂತ ಗೊತ್ತಾದ ಮೇಲೆ ಆ ಜನ ಮತ್ತೆ ಬರಲಿಲ್ಲ. ಮೆಟ್ಟಿಲ ಹತ್ತಿರ "ಪಾದರಕ್ಷೆ ಬಿಡಬಾರದು" ಅಂತ ಬೋರ್ಡೂ ಬಂತು. ನಾನು ಚಪ್ಪಲಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಒಳಗೆ ಹೋಗತೊಡಗಿದೆ.

ಪೆರುಮಾಳಿನ ಪೆಟ್ಟಿಗೆ ಗೋಡೆಗೆ ಒರಗಿಕೊಂಡಿತ್ತು. ಹಿಂದೆ ಹೋಗಲು ಜಾಗವಿಲ್ಲ. ಪ್ರದಕ್ಷಿಣೆ ಮಾಡಬೇಕಾದರೆ ಇಡೀ ಹಾಲನ್ನೇ ಸುತ್ತಬೇಕು: ಹಳೆಯ ಮಡಕೆಗಳು, ತುಕ್ಕು ಹಿಡಿದ ಕತ್ತಿಗಳು, ಕೊನೆಯಲ್ಲಿ ಹುಲ್ಲು ತುಂಬಿ ನಿಲ್ಲಿಸಿದ ಒಂದು ಕರಡಿ. ಒಬ್ಬನೇ ಇರುತ್ತಿದ್ದೆನಲ್ಲ, ನಾಚಿಕೆ ಏನು ಅಂತ ಸುತ್ತುತ್ತಿದ್ದೆ.

ಒಂದು ಭಾನುವಾರ ಹಿಂದೆ ಏನೋ ಸದ್ದಾದಂತಾಗಿ ತಿರುಗಿ ನೋಡಿದರೆ ಒಂದು ಮೆರವಣಿಗೆ! ವಾಲ್ಪಾರೈ ಬೆಟ್ಟದ ಟೀ ಎಸ್ಟೇಟಿನಿಂದ ಬಂದಿದ್ದ ಒಂದು ಸಂಸಾರ. ಆಸ್ಪತ್ರೆಯಲ್ಲಿ ಯಾರನ್ನೋ ನೋಡಬೇಕಿತ್ತಂತೆ. ಒಳಗೆ ಬಿಡುವ ಹೊತ್ತಾಗುವ ತನಕ ನೆರಳಿಗೆ ಬಂದಿದ್ದರು. ನಾಮದವನು ಸುತ್ತುತ್ತಿದ್ದಾನೆ ಅಂದ ಮೇಲೆ ಸುತ್ತಬೇಕಾದದ್ದೇ ಅಂತ ಕೈಮುಗಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದರು. ನನಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಎಷ್ಟೋ ದಿನದ ಮೇಲೆ ನನ್ನ ಹಿಂದೆ ಹೆಜ್ಜೆಯ ಸದ್ದು ಕೇಳುತ್ತಿತ್ತು. ಇನ್ನೂ ಒಂದು ಸುತ್ತು ಹೆಚ್ಚಿಗೆ ಹಾಕಿದೆ.

ಕರಡಿಯ ಮುಂದೆ ಅವರಲ್ಲಿನ ಅಜ್ಜಿ ನಿಂತಳು. "ಸಾಮಿ, ಇದು ಯಾವ ದೇವರ ವಾಹನ?"

"ವಾಹನ ಅಲ್ಲಮ್ಮ, ಕರಡಿ. ಬೆಟ್ಟದ್ದು."

ಅಜ್ಜಿ ಕೆನ್ನೆ ಕೆನ್ನೆ ತಟ್ಟಿಕೊಂಡು ಕರಡಿಗೆ ಹೇಳಿದಳು: "ಅಪ್ಪಾ, ಹಾಗಾದ್ರೆ ನಮ್ಮೂರೋನೇ ನೀನು. ನಮ್ಮ ಲೈನ್ ಮನೆ ಹಿಂದೆ ಬರೋ ನಿನ್ನ ಅಣ್ಣತಮ್ಮಂದಿರಿಗೆ ಸ್ವಲ್ಪ ಬುದ್ಧಿ ಹೇಳು."

ಚಿತ್ರ

ಜನರನ್ನು ಎಳೆಯಲು ಮೇನೇಜರು ಒಂದು ಉಪಾಯ ಮಾಡಿದರು. ಪಕ್ಕದ ಕೋಣೆಯಲ್ಲಿ ಹೊಸ ಕಾಲದ ಚಿತ್ರಗಳ ಪ್ರದರ್ಶನ. ಬರೆದವನು ತಿರುಪ್ಪೂರಿನ ಹುಡುಗ, ಗಡ್ಡ ಬಿಟ್ಟಿದ್ದ. ಭಾನುವಾರ ಮಧ್ಯಾಹ್ನ ಅವನ ಚಿತ್ರ ನೋಡಲು ಬಂದ ಜನವೆಂದರೆ ನಾನು.

ಸುತ್ತ ನೋಡಿ ಒಂದು ದೊಡ್ಡ ಚಿತ್ರದ ಮುಂದೆ ನಿಂತೆ. ಪೂರ್ತಿ ನೀಲಿ, ನಡುವೆ ಒಂದು ಕಪ್ಪು ಗೆರೆ. ನಿಂತೇ ಇದ್ದೆ. ಹುಡುಗ ಮೊದಲು ದೂರದಿಂದ ನೋಡಿದ, ಆಮೇಲೆ ಹತ್ತಿರ ಬಂದ, ಕೊನೆಗೆ ತಡೆಯಲಾರದೆ ಕೇಳಿದ.

"ಸಾರ್, ಈ ಚಿತ್ರದ ಮುಂದೆ ಇಷ್ಟು ಹೊತ್ತು ಯಾರೂ ನಿಂತಿಲ್ಲ. ನಿಮಗೆ ಏನು ಕಾಣ್ತಿದೆ? ಮನಸ್ಸಲ್ಲಿರೋದನ್ನ ಹೇಳಿ."

ದೇವರಿರುವ ಕಟ್ಟಡದಲ್ಲಿ ಸುಳ್ಳು ಹೇಳುವುದು ಹೇಗೆ? ತಲೆ ಎತ್ತಿ ಮೇಲೆ ತೋರಿಸಿದೆ. "ತಪ್ಪು ತಿಳೀಬೇಡಿ ತಂಬಿ. ಫ್ಯಾನ್ ಇರೋದು ಇಲ್ಲೊಂದೇ."

ಅವನ ಮುಖ ಬಾಡೀತು ಅಂತ ಹೆದರಿದ್ದೆ. ಅವನು ಮೂಲೆಯಿಂದ ಎರಡು ಸ್ಟೂಲು ತಂದು, ಒಂದನ್ನು ನನಗೆ ಹಾಕಿ, ಇನ್ನೊಂದರಲ್ಲಿ ತಾನು ಕೂತ. "ಕೂತ್ಕೊಳ್ಳಿ ಸಾರ್. ಬೆಳಿಗ್ಗೆಯಿಂದ ನೀವು ಬರೋ ತನಕ ನಾನೂ ಅದಕ್ಕೇ ಈ ಚಿತ್ರ ಬಿಟ್ಟು ಅಲ್ಲಾಡಿರಲಿಲ್ಲ."

ಹೆಣ್ಣು ನೋಡಿದ್ದು

ಪೊಂಗಲ್ ಬಂತು. ವಾಚ್‌ಮನ್ ಹೊಸ ಬೀಗ ತಂದಿಟ್ಟದ್ದನ್ನು ನನ್ನ ಕಣ್ಣಾರೆ ನೋಡಿದೆ. ಆ ವಾರ ಕಾರಮಡೈಯಿಂದ ನನ್ನ ತಂಗಿ ಬಂದಳು, ಮಗಳ ಸಂಬಂಧದ ಚಿಂತೆ ಹೊತ್ತುಕೊಂಡು.

ನಮ್ಮಲ್ಲಿ ಹೆಣ್ಣನ್ನು ಮೊದಲು ನೋಡುವುದು ಕೋವಿಲಲ್ಲಿ. ಎರಡು ಕಡೆಯವರೂ ದೇವರ ದರ್ಶನಕ್ಕೆ ಬಂದು ಅಕಸ್ಮಾತ್ತಾಗಿ ಎದುರಾದ ಹಾಗೆ. ಒಪ್ಪಿಗೆಯಾಗದಿದ್ದರೆ ಯಾರಿಗೂ ಅವಮಾನವಿಲ್ಲ.

"ಅಣ್ಣಾ, ಗಂಡಿನ ಕಡೆಯೋರಿಗೆ ಭಾನುವಾರ ಬಿಟ್ರೆ ಆಗಲ್ಲ. ಜೋಯಿಸರು ಎರಡರ ಮೇಲೆ ಮೂರರ ಒಳಗೆ ಅಂತಾರೆ. ಸಾಯಂಕಾಲ ರಾಹುಕಾಲ. ಆ ಹೊತ್ತಲ್ಲಿ ಯಾವ ಕೋವಿಲ್ ಬಾಗಿಲು ತೆಗೆದಿರುತ್ತೆ, ನೀನೇ ಹೇಳು!"

"ಒಂದು ಇದೆ" ಅಂದೆ.

ಭಾನುವಾರ ಎರಡು ವ್ಯಾನು ತುಂಬ ಜನ ಇಳಿದರು. ರೇಷ್ಮೆ ಸೀರೆ, ಮಲ್ಲಿಗೆ, ಬಾಳೆಹಣ್ಣಿನ ತಟ್ಟೆ. ಎಲ್ಲರೂ ಅಕಸ್ಮಾತ್ತಾಗಿ ಬಂದವರಂತೆ ಹಾಲಿನ ತುಂಬ ಹರಡಿಕೊಂಡರು. ಗಂಡಿನ ಸೋದರಮಾವ ಒಂದು ತುಕ್ಕು ಕತ್ತಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಆ ಕತ್ತಿಯ ಮುಂದಿನ ಗಾಜಿನಲ್ಲಿ ಹುಡುಗಿಯ ಪ್ರತಿಬಿಂಬ ಕಾಣುತ್ತಿತ್ತು. ಗಂಡಿನ ತಾಯಿಗೆ ಹುಡುಗಿಯ ದನಿ ಕೇಳಬೇಕಿತ್ತು. ಒಂದು ದೊಡ್ಡ ಮಡಕೆಯ ಮುಂದಿನ ಚೀಟಿ ತೋರಿಸಿ, "ಕನ್ನಡಕ ತಂದಿಲ್ಲಮ್ಮ, ಏನು ಬರೆದಿದೆ ಓದು ನೋಡೋಣ" ಅಂದರು.

ಹುಡುಗಿ ತಲೆ ಬಗ್ಗಿಸಿ ಸ್ಪಷ್ಟವಾಗಿ ಓದಿದಳು: "ಸತ್ತವರನ್ನು ಕೂರಿಸಿ ಹೂಳುತ್ತಿದ್ದ ಮಡಕೆ."

ತಂಗಿ ನನ್ನನ್ನು ಆ ಮಡಕೆಯೊಳಗೇ ಕೂರಿಸುವಂತೆ ನೋಡಿದಳು. ಗಂಡು ಮಾತ್ರ ಕಿಸಕ್ಕನೆ ನಕ್ಕುಬಿಟ್ಟ. ಅವನು ನಕ್ಕದ್ದು ನೋಡಿ ಹುಡುಗಿಗೂ ತಡೆಯಲಾಗಲಿಲ್ಲ. ಇಬ್ಬರೂ ಮಡಕೆಯ ಎರಡು ಬದಿಯಲ್ಲಿ ನಿಂತು ನಗುತ್ತಿದ್ದರೆ ಇನ್ನು ಕೇಳುವುದೇನು? ಪೆರುಮಾಳಿನ ಮುಂದೆಯೇ ತಾಂಬೂಲ ಬದಲಾಯಿತು.

ಸುದ್ದಿ ಹಬ್ಬಿತು. ಮಧ್ಯಾಹ್ನವೂ ಬಾಗಿಲು ತೆರೆದಿರುವ, ನೋಡಿದ ಮೊದಲ ದಿನವೇ ಸಂಬಂಧ ಕೂಡಿಸುವ ಪೆರುಮಾಳು! ಪೊಂಗಲ್‌ನಿಂದ ಶುರುವಾಗುವ ತೈ, ಮದುವೆಯ ತಿಂಗಳು ಬೇರೆ; ಭಾನುವಾರ ಮಧ್ಯಾಹ್ನ ಒಂದು ಪಾರ್ಟಿ ಹೋದರೆ ಇನ್ನೊಂದು ಪಾರ್ಟಿ. ಬೀಗದ ಮಾತು ಎತ್ತುವವರೇ ಇಲ್ಲ. ಮೇನೇಜರು ಇದೆಲ್ಲ ತಮ್ಮ ಚಿತ್ರ ಪ್ರದರ್ಶನದ ಫಲ ಅಂತ ನಂಬಿದರು. ನಾನೂ ರಂಗನಾಥನಿಗೆ ಅಡ್ಡಬಿದ್ದೆ. ಆದರೆ ಪೆರುಮಾಳಿನ ಮುಂದೆ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಯಾರದೋ ಅತ್ತೆ, ಯಾರದೋ ಚಿಕ್ಕಪ್ಪ. ಕಾದು, ಸಂದಿ ಸಿಕ್ಕಾಗ ನುಗ್ಗಿ ನಿಲ್ಲಬೇಕು.

ಹಾಗೆ ನುಗ್ಗಿ ಕೈಮುಗಿದು ನಿಂತಿದ್ದಾಗ ಒಂದು ದಿನ ನಮ್ಮ ಕಡೆಯ ಒಬ್ಬ ಹಿರಿಯ ಹೆಂಗಸು ಪಕ್ಕಕ್ಕೆ ಬಂದರು.

"ನೀವು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?"

"ಎರಡೂ ಅಲ್ಲಮ್ಮ" ಅಂದು ಗಾಜಿನ ಕಡೆ ತೋರಿಸಿದೆ. "ನಾನು ಇವರ ಕಡೆ."

ಆ ಪೆರುಮಾಳಿನ ಅಕ್ಕಪಕ್ಕದಲ್ಲಿ ಇರಬೇಕಾಗಿದ್ದ ದೇವಿಯರು ಯಾವ ಕಾಲದಲ್ಲೋ ಕಳೆದುಹೋಗಿ, ಅವನೊಬ್ಬನೇ ನಿಂತಿದ್ದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಯಾರಿಗೂ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು:

"ಸಂಕೋಚ ಮಾಡ್ಕೋಬೇಡಿ. ಇಬ್ಬರದೂ ಜಾತಕ ಕೊಟ್ಟಿರಿ, ನೋಡೋಣ."